ಕುಕ್ ಟೌನ್ ಪಿಯಾನೋದ ಆರು ತಂತಿ

ಪಿಯಾನೋದ ನಡುವಿನ ಎರಡು ಕೀ ಒತ್ತಿದರೆ ಸದ್ದೇ ಇಲ್ಲ!

ಮಿಸೆಸ್ ಡಿಕ್ರೂಜ್ ಕೂಗಿಗೆ ಪಕ್ಕದ ಮನೆಯಿಂದ ನಾನೇ ಮೊದಲು ಓಡಿದ್ದು. ಹಲಗೆ ತೆಗೆದು ನೋಡಿದೆವು. ಒಂದು ಕೀಗೆ ಮೂರರಂತೆ ಆರು ತಂತಿ ಮಾಯ! ಯುದ್ಧ ಶುರುವಾದ ಮೇಲೆ ದುಡ್ಡು ಕೊಟ್ಟರೂ ಸಿಗದ ಮಾಲು ಅದು. ಆ ಮನೆಯಲ್ಲಿ ಕೆಲಸಕ್ಕಿದ್ದವಳು ಅಂಜಿನಮ್ಮ ಒಬ್ಬಳೇ. ನಾಲ್ಕು ಜನರೆದುರು ಅವಳ ಗಂಟು ಬಿಚ್ಚಿ ಕೊಡವಿದವನು ನಾನು. ಒಂದು ಹಳೇ ಸೀರೆ, ಎಲೆ-ಅಡಿಕೆ. ಅಷ್ಟೆ. ಅವಳು ಕಣ್ಣೊರೆಸಿಕೊಳ್ಳುತ್ತಾ ವರಾಂಡದ ಮೂಲೆಯಲ್ಲಿ ಕೂತಳು.

ನನ್ನ ಗೆಳೆಯ, ನಿವೃತ್ತ ಇನ್‌ಸ್ಪೆಕ್ಟರ್ ಆದಿನಾರಾಯಣ, ಹಲಸೂರಿನಿಂದ ಸೈಕಲ್ ತುಳಿದು ಬಂದ. ಭಜನೆಗೆ ಹಾರ್ಮೋನಿಯಂ ನುಡಿಸುವವನು. ಬಂದವನೇ ಖಾದರ್ ಸಾಹೇಬರನ್ನು ಕರೆಸಿದ. ಮೂವತ್ತು ವರ್ಷದಿಂದ ಈ ಪಿಯಾನೋಗೆ ಶ್ರುತಿ ಮಾಡುತ್ತಿದ್ದವರು ಅವರೇ.

"ಹೋದ ತಂತಿ ಎಲ್ಲಿತ್ತು, ಸಾಹೇಬ್ರೇ?"

"ಈ ದಪ್ಪ ತಂತಿಗಳು ಅಡ್ಡ ಬರ್ತವಲ್ಲ, ಇವುಗಳ ಹಿಂದೆ. ಕೈ ಹೋಗಲ್ಲ."

"ಮತ್ತೆ ತೆಗೆಯೋದು?"

"ದಪ್ಪದವನ್ನ ಸಡಿಲ ಮಾಡಿ ಪಕ್ಕಕ್ಕೆ ಸರಿಸ್ಬೇಕು."

ಆದಿನಾರಾಯಣ ಮಿಸೆಸ್ ಡಿಕ್ರೂಜ್ ಕಡೆ ತಿರುಗಿದ. "ಹೋದ ವಾರ ಯಾರು ಬಂದಿದ್ರು?"

"ಹೊರಗಿನವರು ಯಾರೂ ಇಲ್ಲ. ಖಾದರ್ ಬಂದಿದ್ರು, ಹುಳ ಹಿಡಿದಿದೆಯಾ ನೋಡೋಕೆ. ನಾನು ಚರ್ಚಿಗೆ ಹೋಗಿದ್ದೆ."

"ಶ್ರುತಿ ಮಾಡಿಸಿದ್ರಾ?"

"ಇಲ್ಲ. ಎರಡು ವರ್ಷ ಆಯ್ತು."

ಆದಿನಾರಾಯಣ ಒಂದೊಂದೇ ಕೀ ಒತ್ತುತ್ತಾ ಹೋದ.

"ಇಡೀ ಪಿಯಾನೋ ಅಪಶ್ರುತಿ. ಅಡ್ಡ ಬರೋ ಈ ಏಳು ದಪ್ಪ ತಂತಿ ಮಾತ್ರ ಸರಿಯಾಗಿವೆ. ಏಕೆ? ಬೇರೆ ಕಳ್ಳ ಆಗಿದ್ರೆ ಸಡಿಲ ಬಿಟ್ಟೇ ಹೋಗ್ತಿದ್ದ. ಹಾಗೆ ಬಿಟ್ಟು ಹೋಗೋಕೆ ನಿಮ್ಮ ಕಿವಿ ಒಪ್ಪಲಿಲ್ಲ — ಅಲ್ವಾ, ಖಾದರ್ ಸಾಹೇಬ್ರೇ?"

ಮುದುಕರ ತಲೆ ತಗ್ಗಿತು.

"ಆಸ್ಪತ್ರೇಲಿ ಗಾಯಾಳು ಸಿಪಾಯಿಗಳ ಪಿಯಾನೋ ಇದೆ, ಸಾಹೇಬ್. ಅದರ ತಂತಿ ಬಿಗಿ ಮಾಡುವಾಗ ಕೈ ನಡುಗ್ತು. ಒಂದಾದ ಮೇಲೊಂದು ತುಂಡಾದ್ವು. ಅದಕ್ಕೆ ಹಾಕೋಕೆ ಇಲ್ಲಿಂದ ತೆಗೆದೆ. ನನ್ನ ಕೈಲಿ ಇನ್ನು ಆಗಲ್ಲ ಅಂತ ಹೇಳೋಕೆ... ನಾಚಿಕೆ."

"ಬರುವಾಗ ವರಾಂಡದಲ್ಲಿ ಅಂಜಿನಮ್ಮನ್ನ ನೋಡಿದ್ರಲ್ಲ? ಈ ಕಳ್ಳತನ ಅವಳ ತಲೆಗೆ ಕಟ್ಟಿದ್ದಾರೆ."

"ನೋಡ್ದೆ. 'ಯಾಕಮ್ಮಾ ಅಳ್ತೀಯ?' ಅಂತ ಕೇಳ್ದೆ ಕೂಡ."

ಮಿಸೆಸ್ ಡಿಕ್ರೂಜ್ ಮುಖ ಮುಚ್ಚಿಕೊಂಡರು. ಯಾರೂ ಹೇಳದಿದ್ದರೂ ಖಾದರ್ ಸಾಹೇಬರು ಎದ್ದು ಹೊರಗೆ ಹೋದರು. ಅಂಜಿನಮ್ಮನ ಎದುರು ನಿಂತು ಎಲ್ಲವನ್ನೂ ತಮ್ಮ ಬಾಯಿಂದಲೇ ಹೇಳಿದರು. ಅವಳು ಕೇಳಿಸಿಕೊಂಡಳು. ಆಮೇಲೆ ಬಾಗಿಲ ಕಡೆ ನೋಡಿದಳು.

"ಇವರಾದ್ರೂ ಎದುರಿಗೆ ಬಂದು ಹೇಳಿದ್ರು," ಅಂದಳು.

ನಾನಿನ್ನೂ ಹೊಸ್ತಿಲ ಒಳಗೇ ನಿಂತಿದ್ದೆ.