ಕತ್ತಿಗಲ್ಲಿನ ಇಬ್ಬರು

ಏಕಸಂಬಿಯ ಎರಡು ಕಬ್ಬಿನ ತೋಟಗಳ ನಡುವಿನ ಬದುವಿನಲ್ಲಿ ಸಮ್ಮೇದ ಮಂಡಿಯೂರಿ, ಹಳೆಯ ಕಲ್ಲಿಗೆ ಕಾಗದ ಹೊದಿಸಿ, ಇದ್ದಿಲು ಉಜ್ಜಿ ಕೆತ್ತನೆಯ ಅಚ್ಚು ತೆಗೆಯುತ್ತಿದ್ದ.

“ಮಣ್ಣು ಟೆಸ್ಟ್ ಮಾಡಾವ್ರು ಕಲ್ಲಿಗೂ ಬಂದ್ರಿ?” ಆಚೆ ತೋಟದಿಂದ ಮನಿಷಾ ಕೇಳಿದಳು.

“ನಿಮ್ಮ ಆಯಿ ಈ ಕಲ್ಲಿನ ಸಲುವಾಗಿ ನನ್ನ ಬ್ಯಾಡ ಅಂದಾರ. ಅದಕ್ಕ ಕಲ್ಲನ್ನೇ ಕೇಳಾಕತ್ತೀನಿ.”

“ಏನಂತೈತಿ? ಮೂಗಿಗೆ ಮಸಿ ಹತ್ತೇತಿ ಅಂತೈತೇನು?”

ಅವನು ಒರೆಸಿಕೊಂಡ. ಮಸಿ ಕೆನ್ನೆಗೂ ಹರಡಿತು. ಅವಳು ಹೇಳಲಿಲ್ಲ; ಸುಮ್ಮನೆ ನೋಡಿದಳು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.

ಊರಿನವರು ಅದನ್ನು ಕತ್ತಿಗಲ್ಲು ಎನ್ನುತ್ತಿದ್ದರು. ಎದುರುಬದುರು ಕೂತ ಇಬ್ಬರು, ನಡುವೆ ಅಡ್ಡಡ್ಡ ಎರಡು ಕತ್ತಿ. ಈ ತೋಟದ ಹುಡುಗ, ಆ ತೋಟದ ಹುಡುಗಿ ಪ್ರೀತಿಸಿದ್ದರಂತೆ; ಅಣ್ಣಂದಿರು ಇಬ್ಬರನ್ನೂ ಕಡಿದು ಹಾಕಿದರಂತೆ. ಅಂದಿನಿಂದ ಸಮ್ಮೇದನ ಮನೆಗೂ ಮನಿಷಾಳ ಮನೆಗೂ ನಡುವೆ ಹೆಣ್ಣು ಕೊಟ್ಟು ತಂದಿಲ್ಲ.

ಸಮ್ಮೇದ ಮೂರು ಸಲ ಅಳೆದ. ಕತ್ತಿಗಳಿಗೆ ಹಿಡಿ ಇರಲಿಲ್ಲ, ಮೊನೆ ಇರಲಿಲ್ಲ. ನಾಲ್ಕು ತುದಿಯೂ ಒಂದೇ ದಪ್ಪ. ಮೇಲೊಂದು ಚಪ್ಪಟೆ ಪಟ್ಟಿ.

ಮನಿಷಾ ಬಗ್ಗಿದಳು. ಜಡೆ ಜಾರಿ ಅವನ ಕೈಮೇಲೆ ಬಿತ್ತು. ಇಬ್ಬರೂ ಸರಿಸಲಿಲ್ಲ.

“ಇಂಥಾದ್ದನ್ನ ನಾ ಮನ್ಯಾಗ ದಿನಾ ಒರಸ್ತೀನಿ,” ಎಂದಳು ಮೆಲ್ಲಗೆ. “ಆಯಿ ಗ್ರಂಥ ಇಟ್ಟು ಓದೋ, ಅಡ್ಡಡ್ಡ ಬಿಚ್ಚೋ ಕಟಗಿ ಸ್ಟ್ಯಾಂಡ್.”

ಮನಿಷಾಳ ಮನೆಯ ಪಡಸಾಲೆಯಲ್ಲಿ ಅವಳ ಆಯಿ, ಅಜ್ಜಿ ಗಂಗೂಬಾಯಿ, ಕಾಗದವನ್ನೂ ಸ್ಟ್ಯಾಂಡನ್ನೂ ಬಹಳ ಹೊತ್ತು ನೋಡಿದಳು.

“ಅರವತ್ತು ವರ್ಷ ಅದರ ಮುಂದ ಹಾದಾಡೀನಿ. ಕತ್ತಿ ಅಂದ್ರು, ಕತ್ತೀನ ಕಂಡೆ.”

“ಕೂತಾವ್ರು ಗುರು, ಶಿಷ್ಯ ಇರಬೇಕ್ರಿ. ನಡುವ ಗ್ರಂಥ,” ಎಂದ ಸಮ್ಮೇದ.

“ಇರಬೇಕು ಅಂತಿ. ಖಾತ್ರಿ ಐತೇನು?”

ಸಮ್ಮೇದ ಎಂದೂ ಅಳತೆ ಮೀರಿ ಹೇಳಿದವನಲ್ಲ. “ನೂರಕ್ಕ ನೂರು ಹೇಳಾಕ ಆಗಂಗಿಲ್ರಿ.”

ಮನಿಷಾ ಅವನನ್ನು ಸುಡುವಂತೆ ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು. “ಆಯಿ, ಅವು ಕತ್ತಿ ಇದ್ರೂ ನಾ ಇವರ ಮನೀಗೇ ಹೋಗಾಕಿ. ಕಲ್ಲಿಗೆ ಕೇಳಿ ಮನಸ್ಸು ಮಾಡಿಲ್ಲ.”

ಗಂಗೂಬಾಯಿ ಸ್ಟ್ಯಾಂಡನ್ನು ಬಿಡಿಸಿ ನಡುವೆ ಇಟ್ಟಳು. “ಕೂಡ್ರಿ, ಇಬ್ಬರೂ. ಅತ್ತಗೊಬ್ಬರು, ಇತ್ತಗೊಬ್ಬರು.”

ಕೂತರು. ಮುದುಕಿ ಎರಡು ಹೆಜ್ಜೆ ಹಿಂದೆ ಸರಿದು ಕಲ್ಲಿನ ಚಿತ್ರವನ್ನೂ ಇವರನ್ನೂ ನೋಡಿದಳು. ಒಳಗೆ ಹೋಗಿ ಗ್ರಂಥ ತಂದಳು.

ಸಮ್ಮೇದ ಕೈ ಚಾಚಿದ.

“ತಡಿ ಅಳ್ಯಾ,” ಎಂದಳು. “ಮೊದಲ ಕೈ ತೊಳ್ಕೊ.”

ಹಿತ್ತಲಲ್ಲಿ ಮನಿಷಾ ನೀರು ಹಾಕಿದಳು. “ಮೂಗೂ ತೊಳ್ಕೋರಿ,” ಎಂದಳು.