ಬ್ರೆಡ್ ಗಾಡಿಯ ಮೂರನೆಯ ವೈರು

ಹಳೆಯ ಪೇಪರಿನ ಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಸಾಲಾಗಿ ಇಟ್ಟುಕೊಂಡು ಅವಳು ತಂತಿಯ ಬ್ರಷ್ಷಿನಿಂದ ಒಂದೊಂದನ್ನೇ ಉಜ್ಜುತ್ತಿದ್ದಳು. ಸೋದರಮಾವ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಬ್ಬರೂ ಮಾತಾಡಿ ಒಂದು ಗಂಟೆಯಾಗಿತ್ತು. ಬ್ರಷ್ಷಿನ ಪರಪರ ಬಿಟ್ಟರೆ ಶೆಡ್ಡಿನಲ್ಲಿ ಬೇರೆ ಸದ್ದಿರಲಿಲ್ಲ.

ಪ್ಲಗ್ಗಿನ ಮುಖ ನೋಡಿ ಎಂಜಿನ್ನಿನ ಹೊಟ್ಟೆಯೊಳಗಿನ ಸುದ್ದಿ ಹೇಳುವುದು ಅವಳಿಗೆ ಬಂದ ವಿದ್ಯೆ. ಬಿಸ್ಕತ್ತಿನ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಮಸಿ ಹಿಡಿದು ಒದ್ದೆಯಾಗಿದ್ದರೆ ಕಿಡಿ ಹತ್ತುತ್ತಿಲ್ಲ, ಪೆಟ್ರೋಲು ಉರಿಯದೆ ಹಾಗೇ ಉಳಿಯುತ್ತಿದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಪುಸ್ತಕಕ್ಕಿಂತ ಇದನ್ನು ಓದುವುದು ಸುಲಭವಾಗಿತ್ತು. ಮನುಷ್ಯರ ಮುಖಕ್ಕಿಂತಲೂ ಸುಲಭ. ಮನುಷ್ಯರು ತಿರುಗಿ ನೋಡುತ್ತಾರೆ.

ಅಮ್ಮ ಹೋದ ಮೇಲೆ ಆರು ವರ್ಷದಿಂದ ಅವಳು ಮಾವನ ಮನೆಯಲ್ಲೇ ಇದ್ದಳು. ಹೊಟ್ಟೆಗೆ ಬಟ್ಟೆಗೆ ಕೊರತೆ ಇರಲಿಲ್ಲ. ಆದರೆ ಹೋದ ವರ್ಷ ಜ್ವರ ಬಂದು ಹಿಂದಿನ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಲಗಿದ್ದ ದಿನ, ಅವಳು ಗ್ಯಾರೇಜಿನಲ್ಲಿದ್ದಾಳೆ ಎಂದು ಅತ್ತೆ ಅಂದುಕೊಂಡಿದ್ದರು. ಮನೆಯಲ್ಲಿ ಅತ್ತೆಯ ಜೊತೆ ಇದ್ದಾಳೆ ಎಂದು ಮಾವ. ಇಬ್ಬರ ಮೇಲೂ ಅವಳಿಗೆ ಕೋಪ ಬರಲಿಲ್ಲ. ಎದುರಿಗಿದ್ದಾಗಲೂ ಅವಳು ಅಷ್ಟೇ ಸದ್ದು ಮಾಡುವವಳು.

ರಸ್ತೆಯ ತಿರುವಿನಲ್ಲಿ ಒಂದು ಎಂಜಿನ್ ಕೆಮ್ಮಿತು. ಅವಳ ಕೈಯಲ್ಲಿದ್ದ ಬ್ರಷ್ಷು ನಿಂತಿತು. ಆ ಕೆಮ್ಮು ಯಾರದೆಂದು ನೋಡಬೇಕಾಗಿರಲಿಲ್ಲ.

ಬ್ರೆಡ್ ಗಾಡಿಯವನು ಮೊದಲ ಸಲ ಬಂದದ್ದು ಮೂರು ವಾರದ ಹಿಂದೆ. ಬೇಕರಿಯಿಂದ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುವ ಹಳೆಯ ವ್ಯಾನನ್ನು ಅವನು ಓಡಿಸುತ್ತಿದ್ದ. ಅಂದು ಮಾವ ಇರಲಿಲ್ಲ.

"ಮೆಕ್ಯಾನಿಕ್ ಇಲ್ವಾ ರೀ?" ಎಂದು ಅವಳನ್ನು ದಾಟಿ ಒಳಗೆ ಇಣುಕಿದ್ದ.

"ಇದ್ದೀನಿ," ಎಂದಿದ್ದಳು.

ಅವನು ನಾಲಿಗೆ ಕಚ್ಚಿಕೊಂಡಿದ್ದ. ಅವಳು ಬಾನೆಟ್ ಎತ್ತಿ, ರಬ್ಬರ್ ಹಿಡಿಯ ಇಕ್ಕಳದಿಂದ ಓಡುತ್ತಿದ್ದ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತಾ ಹೋದಾಗ ಅವನು ಪಕ್ಕಕ್ಕೆ ಬಂದು ಬಗ್ಗಿ ನೋಡಿದ.

"ನಾಡಿ ನೋಡ್ತಿದ್ದೀರಾ ಡಾಕ್ಟ್ರೇ?"

"ಕಿತ್ತಾಗ ಸದ್ದು ಇನ್ನೂ ಕೆಟ್ರೆ ಆ ಸಿಲಿಂಡರ್ ಕೆಲಸ ಮಾಡ್ತಿದೆ ಅಂತ. ಕಿತ್ರೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಅದೇ ಸುಮ್ನೆ ಕೂತಿರೋದು."

ಪರಿಚಯವಿಲ್ಲದವನ ಜೊತೆ ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಮೂರನೆಯ ವೈರು ಕಿತ್ತಾಗ ಸದ್ದು ಬದಲಾಗಲಿಲ್ಲ.

"ಪಾಪ," ಎಂದ ಅವನು. "ಇದ್ರೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಅವಳು ಥಟ್ಟನೆ ತಲೆಯೆತ್ತಿದಳು. ಅವನು ಎಂಜಿನ್ನನ್ನೇ ನೋಡುತ್ತಿದ್ದ. ರೆಪ್ಪೆಯ ಮೇಲೆ ಮೈದಾಹಿಟ್ಟಿನ ಪುಡಿಯಿತ್ತು. ಒರೆಸಿಕೊಳ್ಳಿ ಎನ್ನಲು ಬಾಯಿ ಬರಲಿಲ್ಲ. ಅಂದು ಮಲಗಿದಾಗ ಕಣ್ಣು ಮುಚ್ಚಿದರೆ ಅದೇ ರೆಪ್ಪೆ.

ಹೊಸ ಪ್ಲಗ್ಗು ಹಾಕಿ ಕಳಿಸಿದಳು. ವಾರದೊಳಗೆ ಗಾಡಿ ವಾಪಸ್ ಬಂತು. ಆದರೆ ಶೆಡ್ಡಿಗೆ ಬರುವಷ್ಟರಲ್ಲಿ ಕೆಮ್ಮು ನಿಂತಿತ್ತು.

"ನಿಮ್ಮನ್ನ ಕಂಡ್ರೆ ಇದಕ್ಕೆ ಭಯ," ಎಂದ.

"ಗಾಡಿಗೆ ಭಯ ಇರಲ್ಲ."

"ಹಾಗಾದ್ರೆ ನಾಚಿಕೆ. ನಿಮ್ಮ ಹಾಗೆ."

ಅವಳು ಮುಖ ತಿರುಗಿಸಿ ಸ್ಪ್ಯಾನರ್ ಹುಡುಕಿದಳು. ಅದು ಕೈಯಲ್ಲೇ ಇತ್ತು. ಅಂದು ಅವರು ಟೈರಿನ ಮೇಲೆ ಕೂತು, ಅಂಗಡಿಯವರು ಬೇಡವೆಂದ ಸೊಟ್ಟ ಬನ್ನನ್ನು ಹಂಚಿಕೊಂಡು ತಿಂದಿದ್ದರು. ದೊಡ್ಡ ತುಂಡು ಅವನು ಅವಳಿಗೆ ಕೊಟ್ಟಿದ್ದ.

ಇವತ್ತು ಅವನು ಗಾಡಿಯಿಂದ ಇಳಿದ ರೀತಿಯೇ ಬೇರೆ. ತಮಾಷೆಯಿಲ್ಲ.

"ಇವತ್ತು ಹೇಗಾದ್ರೂ ಸರಿ ಮಾಡ್ಬೇಕು ರೀ. ಸಂಜೆ ಬೇಕರಿ ಯಜಮಾನ್ರು ಓಡಿಸಿ ನೋಡ್ತಾರೆ. ಸರಿ ಇದ್ರೆ ನಾಳೆಯಿಂದ ನಂಗೆ ದೂರದ ರೂಟು. ಅಲ್ಲೇ ಡಿಪೋ, ಅಲ್ಲೇ ಅಮ್ಮ. ನಾಲ್ಕು ವರ್ಷದಿಂದ ಅಮ್ಮನ್ನ ಬಿಟ್ಟು ಇದ್ದೀನಿ."

"ಸರಿ ಆಗ್ಲಿಲ್ಲ ಅಂದ್ರೆ?"

"ಇನ್ನೊಬ್ಬ ಹೋಗ್ತಾನೆ. ನಾನು ಇಲ್ಲೇ."

ಇಲ್ಲೇ. ಆ ಮಾತು ಅವಳ ಎದೆಯಲ್ಲಿ ಒಂದು ಕ್ಷಣ ಸುಮ್ಮನೆ ಕೂತಿತು. ಅವಳು ಬಾನೆಟ್ ಎತ್ತಿದಳು.

"ಬೆಳಿಗ್ಗೆ ಗಾಡಿ ತೊಳೆದ್ರಾ?"

"ತೊಳೆದೆ. ಯಾಕೆ?"

"ಹೋದ ಸಲ ಕೆಮ್ಮಿದ ದಿನಾನೂ ತೊಳೆದಿದ್ರಿ. ಅವತ್ತು ಚಕ್ರ ಇನ್ನೂ ಒದ್ದೆ ಇತ್ತು."

ಅವನು ಅವಳನ್ನು ಹೊಸದಾಗಿ ಕಂಡವನಂತೆ ನೋಡಿದ. "ಏನೇನು ನೋಡಿಟ್ಕೊಂಡಿರ್ತೀರ ನೀವು?"

"ಕತ್ತಲಾದ್ರೆ ಕಿಡಿ ಕಾಣುತ್ತೆ," ಎಂದು ಅವಳು ಹೋಗಿ ಶಟರ್ ಎಳೆದಳು. ಮಾವ ಹೊರಗಿನಿಂದ, "ಪುಟ್ಟೀ, ನಾನಿಲ್ಲೇ ಇದ್ದೀನಿ," ಎಂದು ಸುಮ್ಮನೆ ಕೆಮ್ಮಿದರು. ಹಿಂದಿನ ಕಿಟಕಿಗೂ ಗೋಣಿಚೀಲ ಇಳಿಬಿಟ್ಟಾಗ ನಡುಹಗಲಲ್ಲೇ ಶೆಡ್ಡು ಕತ್ತಲಾಯಿತು. ಅವಳು ಎಂಜಿನ್ ಶುರು ಮಾಡಿ, ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಮಂಜಿನಂತೆ ನೀರು ಚಿಮುಕಿಸಿದಳು.

ಗಾಡಿ ನಡುಗಿತು. ಮೂರನೆಯ ವೈರಿನ ಮೈಮೇಲೆ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿನಿಂದ ನೀಲಿ ಕಿಡಿಗಳು ಹೊರಗೆ ಹಾರಿ ಪಕ್ಕದ ಕಬ್ಬಿಣ ಸೇರುತ್ತಿದ್ದವು.

"ತಪ್ಪು ಪ್ಲಗ್ಗಿನದಲ್ಲ," ಎಂದಳು. "ಕಿಡಿ ಅಲ್ಲೀವರೆಗೂ ಹೋಗ್ತಾನೇ ಇಲ್ಲ. ವೈರು ಒದ್ದೆ ಆದ್ರೆ ದಾರೀಲೇ ಸೋರಿ ಹೋಗ್ತಿದೆ."

ನೀಲಿ ಬೆಳಕು ಮಿಣುಕಿದಾಗಲೆಲ್ಲ ಅವನ ಮುಖ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಮೂರು ಸಲ ಕಂಡಾಗಲೂ ಅವನು ವೈರಿನ ಕಡೆ ನೋಡುತ್ತಿರಲಿಲ್ಲ.

ಹೊಸ ವೈರು ಇಲ್ಲ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಅವನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ನಾಲ್ಕು ವರ್ಷದಿಂದ ಮಗನ ದಾರಿ ನೋಡುತ್ತಿರುವ ಒಬ್ಬ ಅಮ್ಮ ಇದ್ದಳು. ಅಮ್ಮನಿಲ್ಲದವಳು ಅದನ್ನು ಹೇಗೆ ಮರೆತಾಳು? ಅವಳು ಎಂಜಿನ್ ನಿಲ್ಲಿಸಿ ಶಟರ್ ಎತ್ತಿ, ಕಪಾಟಿನಿಂದ ಹೊಸ ವೈರುಗಳನ್ನು ತಂದಳು.

ಒಂದು ಕೀಳು, ಒಂದು ಹಾಕು. ಇದು ಮಾವ ಮೊದಲ ದಿನ ಕಲಿಸಿದ ಪಾಠ. ನಾಲ್ಕನ್ನೂ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಯದೆಂದು ಗೊಂದಲವಾಗುತ್ತದೆ. ಅವನು ಎದುರಿಗೆ ನಿಂತು ಬಾನೆಟ್ಟಿನ ಅಂಚಿಗೆ ಗಲ್ಲ ಆನಿಸಿ ನೋಡುತ್ತಿದ್ದ. ಅವಳು ನಾಲ್ಕನ್ನೂ ಕಿತ್ತುಹಾಕಿದಳು. ಒಂದು, ಮೂರು, ನಾಲ್ಕು, ಎರಡು ಎಂದು ಕಿಡಿ ಹಾರುವ ಕ್ರಮವನ್ನು ಮಗ್ಗಿಯಂತೆ ಗೊಣಗುತ್ತಾ ಹೊಸವನ್ನು ಸಿಕ್ಕಿಸಿದಳು.

ಕೀ ತಿರುಗಿಸಿದ್ದೇ ಸೈಲೆನ್ಸರ್ ಢಂ ಎಂದು ಸಿಡಿಯಿತು.

ಮಾವ ಎದ್ದು ಬಂದರು. ಕನ್ನಡಕ ಏರಿಸಿ ಎಂಜಿನ್ ನೋಡಿದರು. "ಮೂರು ನಾಲ್ಕು ಅದಲುಬದಲು ಮಾಡಿದ್ದೀಯ. ಆರು ವರ್ಷದಲ್ಲಿ ಇದೇ ಮೊದಲು." ಆಮೇಲೆ ಅವಳ ಕೆಂಪಾದ ಕಿವಿ ನೋಡಿದರು. ಬ್ರೆಡ್ ಗಾಡಿಯವನನ್ನು ನೋಡಿದರು. "ಟೀ ಕುಡ್ಕೊಂಡು ಬರ್ತೀನಿ."

"ಈಗ ತಾನೇ ಕುಡಿದ್ರಲ್ಲ ಮಾವ."

"ಅದು ಬೆಳಗಿಂದು," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಅವಳು ತಲೆತಗ್ಗಿಸಿ ವೈರು ಸರಿಮಾಡತೊಡಗಿದಳು.

"ಒಂದು ಕೇಳ್ಲಾ?" ಎಂದ ಅವನು, ಮೆಲ್ಲಗೆ. "ಬೇಕಂತಲೇ ಮಾಡಿದ್ರಾ?"

"ಇಲ್ಲ. ಕೈ ತಪ್ತು."

"ಹೌದಾ." ಅವನು ಬಾನೆಟ್ಟಿನ ಅಂಚನ್ನು ಬೆರಳಿನಿಂದ ಒರೆಸಿದ. "ಬೇಕಂತಲೇ ಅಂದಿದ್ರೆ ಚೆನ್ನಾಗಿರ್ತಿತ್ತು."

ಅವಳ ಬೆರಳು ವೈರಿನ ಮೇಲೇ ಉಳಿಯಿತು. ಹೇಳಬೇಕಾದದ್ದು ಅವಳಿಗೆ ಗೊತ್ತಿತ್ತು. ನೀವು ಹೋದರೆ ಈ ಶೆಡ್ಡಿನಲ್ಲಿ ನನ್ನನ್ನು ಮಾತಾಡಿಸುವವರು ಯಾರೂ ಇಲ್ಲ. ಹೋಗಿ, ಆದರೆ ನಾನು ಇಲ್ಲಿರುತ್ತೇನೆ ಎಂದು ನೆನಪಿಟ್ಟುಕೊಂಡು ಹೋಗಿ. ಇಷ್ಟೇ. ಅವಳು ವೈರನ್ನು ಒತ್ತಿ ಸಿಕ್ಕಿಸಿದಳು.

"ಈಗ ಸ್ಟಾರ್ಟ್ ಮಾಡಿ," ಎಂದಳು.

ಎಂಜಿನ್ ಹತ್ತಿತು. ನಾಲ್ಕೂ ಸಿಲಿಂಡರುಗಳು ಒಂದೇ ಉಸಿರಿನಲ್ಲಿ ಓಡಿದವು. ಅವಳು ಮತ್ತೆ ನೀರು ಚಿಮುಕಿಸಿದಳು. ಒಂದು ಬಿಕ್ಕೂ ಇಲ್ಲ. ಇಷ್ಟು ಒಳ್ಳೆಯ ಕೆಲಸ ಅವಳು ಯಾವತ್ತೂ ಮಾಡಿರಲಿಲ್ಲ. ಇಷ್ಟು ಬೇಸರವೂ ಯಾವತ್ತೂ ಆಗಿರಲಿಲ್ಲ.

ಅವನು ಸೀಟಿನಲ್ಲಿ ಕೂತು, ಕಿಟಕಿಯ ಮೇಲೆ ಮೊಣಕೈ ಇಟ್ಟು, ಅವಳನ್ನೇ ನೋಡಿದ. ಏನೋ ಕೇಳುತ್ತಾನೆಂದು ಅವಳು ಕಾದಳು. ಅವಳು ಹೇಳುತ್ತಾಳೆಂದು ಅವನೂ ಕಾದನೇನೋ.

"ಬರ್ತೀನಿ ಡಾಕ್ಟ್ರೇ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ."

ಅವಳು ತಲೆಯಾಡಿಸಿದಳು. ವ್ಯಾನು ಹಿಂದಕ್ಕೆ ಸರಿದು, ತಿರುಗಿ, ಅಂಗಳ ದಾಟಿ ರಸ್ತೆಯ ಅಂಚಿಗೆ ಹೋಗಿ ನಿಂತಿತು. ಒಂದರ ಹಿಂದೊಂದು ಲಾರಿಗಳು ಹೋಗುತ್ತಿದ್ದವು. ಬಲಗಡೆಯ ಇಂಡಿಕೇಟರ್ ಮಿಣುಕುತ್ತಿತ್ತು. ಇನ್ನೆರಡು ಲಾರಿ ದಾಟಿದರೆ ರಸ್ತೆ ಖಾಲಿ.

ಅವಳು ಇಕ್ಕಳವನ್ನು ಕೆಳಗಿಟ್ಟಳು. ಮೊದಲು ನಡೆದಳು, ಆಮೇಲೆ ಓಡಿದಳು. ವ್ಯಾನಿನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಹೇಳಿದಳು. ಅವಳ ದನಿ ಎಂದಿನ ದನಿಯೇ. ಲಾರಿಯ ಸದ್ದಿನಲ್ಲಿ ಅವಳಿಗೇ ಕೇಳಿಸಲಿಲ್ಲ.

ಕೊನೆಯ ಲಾರಿ ದಾಟಿತು. ಅವಳು ಉಸಿರೆಳೆದುಕೊಂಡು, ಹುಟ್ಟಿದಾಗಿನಿಂದ ಎತ್ತದ ದನಿಯೆತ್ತಿ, ಇನ್ನೊಂದು ಸಲ ಹೇಳಿದಳು.

"ಎಂಜಿನ್ ಆಫ್ ಮಾಡಿ. ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು."