ಉಸಿರಾಡದ ಹೊಟ್ಟೆ

"ಅಕ್ಕಾರ, ನನ್ನ ಮಗಳು ಕಳ್ಳಿ ಅಲ್ರಿ," ಎಂದ ಮಾಪಣ್ಣ, ಕುರ್ಚಿ ತೋರಿಸುವ ಮೊದಲೇ.

"ಮೊದಲು ಕೂಡ್ರಿ ಮಾಪಣ್ಣ. ಕೂತು ಹೇಳಿದ್ರೂ ಅದು ಅಷ್ಟೇ ಖರೇ ಇರ್ತದ," ಎಂದರು ವಿಮಲಾಬಾಯಿ.

ಬಾಗಿಲ ಬಳಿ ನಿಂತಿದ್ದ ಸಾಯಬಣ್ಣ ಕುತೂಹಲದಿಂದ ಒಂದು ಹೆಜ್ಜೆ ಮುಂದೆ ಬಂದ. ವಿಮಲಾಬಾಯಿ ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತರಾಗಿ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಈ ಮನೆಯಲ್ಲಿ ಒಬ್ಬರೇ ಇದ್ದರು. ನೌಕರಿ ಮುಗಿದರೂ ಜನ ಬರುವುದು ತಪ್ಪಿರಲಿಲ್ಲ. ಯಾರಾದರೂ ಬಂದರೆ ವಿಮಲಾಬಾಯಿಗೆ ಸಾಯಬಣ್ಣನ ಆಟೋ ಬೇಕು, ಆಟೋದ ಜೊತೆಗೆ ಸಾಯಬಣ್ಣನೂ ಬೇಕು. ಅವನಿಗೆ ಮಾತ್ರ ತನ್ನಿಂದ ಏನು ಉಪಯೋಗ ಎಂಬುದು ಇನ್ನೂ ಬಗೆಹರಿದಿರಲಿಲ್ಲ. ಆಟೋದ ಬ್ರೇಕು ಸರಿಯಿದೆಯೋ ಇಲ್ಲವೋ ಎಂದು ಎರಡೆರಡು ಸಲ ನೋಡುವ ಪ್ರಾಣಿ ಅವನು. ಕಳ್ಳರನ್ನು ಹಿಡಿಯುವುದು ತನ್ನ ಜಾಯಮಾನದ ಕೆಲಸವಲ್ಲ ಎಂದುಕೊಂಡೇ ಪ್ರತಿಸಲ ಹೊರಡುತ್ತಿದ್ದ.

ಮಾಪಣ್ಣನ ಮಗಳು ಗೌತಮಿ ನಡೆದದ್ದನ್ನು ಅಳದೆ, ಅಡ್ಡಮಾತಿಗೆ ಹೋಗದೆ ಹೇಳಿದಳು. ಅವಳು ಕೋಟನೂರಿನ ಕಡೆ ಇರುವ ಡಾ. ವಿವೇಕಾನಂದರ ಆಸ್ಪತ್ರೆಯಲ್ಲಿ ಆಪರೇಷನ್ ಥೇಟರ್ ಟೆಕ್ನಿಷಿಯನ್. ತಿಂಗಳಿಗೊಮ್ಮೆ ಡಾಕ್ಟರು ತಮ್ಮ ಯಂತ್ರಗಳನ್ನೆಲ್ಲ ವ್ಯಾನಿನಲ್ಲಿ ಹಾಕಿಕೊಂಡು ಕಮಲಾಪುರಕ್ಕೆ ಹೋಗಿ, ದೌಲಪ್ಪ ಎಂಬ ತೋಟಗಾರರ ನರ್ಸಿಂಗ್ ಹೋಮಿನಲ್ಲಿ ದುರ್ಬೀನ್ ಆಪರೇಷನ್ ಮಾಡುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಮೂರು ಸಣ್ಣ ತೂತು ಮಾಡಿ, ಒಂದರೊಳಗಿಂದ ಗೇಣಿಗಿಂತ ತುಸು ಉದ್ದದ ಉಕ್ಕಿನ ದುರ್ಬೀನು ಇಳಿಸುತ್ತಾರೆ. ಅದರ ಹಿಂಬದಿಗೆ ಕ್ಯಾಮೆರಾ. ಒಳಗಿನದೆಲ್ಲ ಟೀವಿಯಲ್ಲಿ ಕಾಣುತ್ತದೆ. ಅದನ್ನು ನೋಡುತ್ತ ಉಳಿದ ಎರಡು ತೂತಿನಿಂದ ಕೆಲಸ.

ನಿನ್ನೆ ಸೋಮವಾರ ಮೂವರಿಗೆ ಆಪರೇಷನ್ ಆಗಿತ್ತು. ಮುಗಿದ ಮೇಲೆ ಗೌತಮಿ ದುರ್ಬೀನು ತೊಳೆದು, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಕೊನೆಯ ರೋಗಿ ಫಕ್ರುದ್ದೀನ್ ಕಾಕಾಗೆ ಮಂಪರು ಇಳಿಯುವಾಗ ವಾಂತಿ ಬಂದಿತ್ತು, ಆದ್ದರಿಂದ ವಾರ್ಡಿನಲ್ಲಿ ಅವರ ಹತ್ತಿರ ಹೋಗಿ ಕೂತಳು. ಉಳಿದವರು ದೌಲಪ್ಪರ ಮನೆಗೆ ಊಟಕ್ಕೆ ಹೋದರು. ಊಟ ಮುಗಿದು ಹೊರಡುವ ಗಡಿಬಿಡಿಯಲ್ಲಿ ಪೆಟ್ಟಿಗೆಗೆ ಬೀಗ ಹಾಕಿದಳು, ತೆರೆದು ನೋಡಲಿಲ್ಲ. ಕಲಬುರಗಿಗೆ ಬಂದು ತೆಗೆದರೆ ಪೆಟ್ಟಿಗೆ ಖಾಲಿ.

"ಎಲ್ಲಾರ ಬ್ಯಾಗು ತೆಗಿಸಿದ್ರಿ. ನಂದು ಮೊದಲು. ಪೇಷಂಟು ಕೂಡೋ ಹಾಲಿನ್ಯಾಗ," ಎಂದಳು.

ಯಾರ ಚೀಲದಲ್ಲೂ ಏನೂ ಸಿಗಲಿಲ್ಲ. ಕೀಲಿ ಇದ್ದದ್ದು ಅವಳ ಹತ್ತಿರ. ಹಾಗಾಗಿ ಕಮಲಾಪುರದಲ್ಲೇ ಯಾರಿಗೋ ದಾಟಿಸಿದ್ದಾಳೆ ಎಂದು ಡಾಕ್ಟರು ತೀರ್ಮಾನಿಸಿದ್ದರು. ಇವತ್ತು ಸಂಜೆಯೊಳಗೆ ಒಪ್ಪದಿದ್ದರೆ ಪೊಲೀಸರಿಗೆ ಅರ್ಜಿ. ಗೌತಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಂ ನೌಕರಿಯ ಆದೇಶ ಬಂದಿತ್ತು, ನಡತೆಯ ಬಗ್ಗೆ ಪೊಲೀಸ್ ಪರಿಶೀಲನೆ ಒಂದು ಬಾಕಿಯಿತ್ತು. ಕೇಸು ದಾಖಲಾದರೆ ನೌಕರಿ ಹೋಯಿತು, ಹೆಸರೂ ಹೋಯಿತು.

ವಿಮಲಾಬಾಯಿ ಕೇಳಿದ್ದು ಒಂದೇ ಪ್ರಶ್ನೆ. ಕ್ಯಾಮೆರಾ ತೋರಿಸಿದ್ದು ಎಲ್ಲಿಯಾದರೂ ಉಳಿಯುತ್ತದೆಯೇ? ಉಳಿಯುತ್ತದೆ ಎಂದಳು ಗೌತಮಿ. ಕ್ಯಾಮೆರಾದ ಬೆಳಕು ಹಚ್ಚಿದರೆ ಸಾಕು, ರೆಕಾರ್ಡಿಂಗ್ ತಾನೇ ಶುರುವಾಗುವಂತೆ ಅವಳೇ ಹೊಂದಿಸಿಟ್ಟಿದ್ದಳು. ಕರೆಂಟು ಹೋದಾಗೊಮ್ಮೆ ಅದರ ಗಡಿಯಾರ ಕೆಡುವುದರಿಂದ ಸಮಯ ಮಾತ್ರ ನಂಬುವಂತಿಲ್ಲ.

"ಅದನ್ನ ಯಾರರೆ ನೋಡ್ಯಾರೇನು?"

"ಮಂದಿ ಹೊಟ್ಟಿ ಒಳಗಿಂದು ಯಾರು ನೋಡ್ತಾರ್ರಿ ಅಕ್ಕಾರ?"

"ನಾ ನೋಡ್ತೀನಿ. ಸಾಯಬಣ್ಣ, ಆಟೋ ತೆಗಿ."

ಡಾ. ವಿವೇಕಾನಂದರು ಕೆಟ್ಟವರಲ್ಲ, ಸಿಟ್ಟಿನವರು. ವಿಮಲಾಬಾಯಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ತಮ್ಮ ಗೋಳು ತೋಡಿಕೊಂಡರು. ಮುಂದಿನ ಕ್ಯಾಂಪಿನಲ್ಲಿ ಅವರ ಅಕ್ಕನ ಮಗ ಡಾ. ಶಿವಶರಣ ಮೊದಲ ಸಲ ಒಬ್ಬನೇ ಆಪರೇಷನ್ ಮಾಡುವವನಿದ್ದ. ಒಳಗೆ ಹೊಲಿಗೆ ಹಾಕುವುದರಲ್ಲಿ ಇನ್ನೂ ಕೈ ಕೂತಿಲ್ಲ ಎಂದು ಗದರಿಸಿ ಗದರಿಸಿ ಈ ಮಟ್ಟಕ್ಕೆ ತಂದಿದ್ದರಂತೆ. ಈಗ ದುರ್ಬೀನೇ ಇಲ್ಲ. ಆದರೂ ಪಾಪ, ನಿನ್ನೆಯ ರೋಗಿಗಳ ಗಾಯ ನೋಡಿ ಬರಲು ತಾನೇ ಕಮಲಾಪುರಕ್ಕೆ ಹೋಗುತ್ತೇನೆ ಎಂದಿದ್ದಾನೆ, ವಾರ್ಡಿನ ಕೆಲಸ ಮುಗಿಸಿ ಮಧ್ಯಾಹ್ನ ಹೊರಡುತ್ತಾನೆ ಎಂದು ಹೇಳಿದರು.

ಊಟದ ಹೊತ್ತಿನಲ್ಲಿ ಯಾರು ಎಲ್ಲಿದ್ದರು ಎಂದು ವಿಮಲಾಬಾಯಿ ವಿಚಾರಿಸಿದರು. ಶಿವಶರಣನಿಗೆ ಸೋಮವಾರದ ಉಪವಾಸ, ದೌಲಪ್ಪ ಕೊಟ್ಟ ಕಮಲಾಪುರದ ಕೆಂಪು ಬಾಳೆಹಣ್ಣು ತಿಂದು ನರ್ಸಿಂಗ್ ಹೋಮಿನಲ್ಲೇ ಮಲಗಿದ್ದ. ವ್ಯಾನ್ ಚಾಲಕ ಹಮೀದ್ ನಮಾಜು ಮುಗಿಸಿ ಗಾಡಿ ತೊಳೆಯುತ್ತಿದ್ದ. ಯಂತ್ರ ಮಾರುವ ಕಂಪನಿಯ ಸುನೀಲಕುಮಾರ ಅರ್ಧ ಊಟಕ್ಕೆ ಎದ್ದು, ಫೋನು ಬಂತೆಂದು ಹೊರಟು ಬಂದಿದ್ದ. ಹೊಸ ದುರ್ಬೀನು ಕೊಳ್ಳಿರೆಂದು ತಿಂಗಳಿಂದ ಡಾಕ್ಟರ ಬೆನ್ನು ಬಿದ್ದವನು ಅವನೇ. ಸಾಯಬಣ್ಣ ಮನಸ್ಸಿನಲ್ಲೇ ಸುನೀಲಕುಮಾರನ ಕೈಗೆ ಬೇಡಿ ಹಾಕಿಬಿಟ್ಟ.

ಆಮೇಲೆ ಟೀವಿ ಹಚ್ಚಿ, ನಿನ್ನೆಯ ರೆಕಾರ್ಡಿಂಗನ್ನು ನಡುನಡುವೆ ಬೇಗ ಓಡಿಸುತ್ತ ನೋಡತೊಡಗಿದರು. ಡಾಕ್ಟರು ವಾರ್ಡಿಗೆ ಹೋದರು. ಸಾಯಬಣ್ಣ ಮೊದಲನೆಯ ಹೊಟ್ಟೆಗೇ ಕಣ್ಣು ಮುಚ್ಚಿಕೊಂಡ. ಎರಡನೆಯದಕ್ಕೆ ಬೆರಳ ಸಂದಿಯಿಂದ ನೋಡಿದ. ಮೂರನೆಯದಕ್ಕೆ ಅವನಿಗೇ ಆಶ್ಚರ್ಯವಾಗುವಂತೆ ಮುಂದಕ್ಕೆ ಬಾಗಿ ಕೂತಿದ್ದ. ನಯವಾದ ಕಂದು ಲಿವರು, ಹಳದಿ ಕೊಬ್ಬು, ಎಲ್ಲ ಒದ್ದೆಯಾಗಿ ಹೊಳೆಯುತ್ತ, ಉಸಿರಿನ ತಾಳಕ್ಕೆ ಮೆಲ್ಲಗೆ ಏರಿ ಇಳಿಯುತ್ತಿದ್ದವು. ಮೂರನೆಯದು ಮುಗಿದು ತೆರೆ ಕಪ್ಪಾಯಿತು. ಸಾಯಬಣ್ಣ ಏಳಹೋದ.

ತೆರೆ ಮತ್ತೆ ಬೆಳಗಿತು.

ಈ ಸಲ ದಟ್ಟ ಕೆಂಪು ಗೋಡೆಯೊಂದು ಕಂಡಿತು. ಮೇಲೆ ಸಣ್ಣ ಕಂದು ಚುಕ್ಕೆಗಳು. ಅದರಲ್ಲಿ ಒಂದು ಸೀಳು. ಎರಡು ಚಿಮುಟಗಳು ಬಂದು, ಸೂಜಿ ಚುಚ್ಚಿ, ನೀಲಿ ದಾರ ಎಳೆದು, ತಡಬಡಿಸುತ್ತ ಗಂಟು ಹಾಕತೊಡಗಿದವು.

"ನಾಕನೇ ಪೇಷಂಟು ಇದ್ದನೇನ್ರಿ?"

"ಮೂರೇ ಮಂದಿ ಅಂದಾರ." ವಿಮಲಾಬಾಯಿ ತೆರೆಯ ಹತ್ತಿರ ಹೋದರು. "ಸಾಯಬಣ್ಣ, ಸರಿಯಾಗಿ ನೋಡು. ಈ ಹೊಟ್ಟಿ ಉಸಿರಾಡಲತ್ತಿಲ್ಲ."

ಸಾಯಬಣ್ಣ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಸತ್ತವನ ಹೊಟ್ಟೆಯೇ? ಯಾರನ್ನೋ ಕೊಂದು, ಒಳಗೊಳಗೇ ಹೊಲಿದು ಮುಗಿಸಿದರೇ? ಅಷ್ಟರಲ್ಲಿ ತೆರೆಯೆಲ್ಲ ಗಿರ್ರನೆ ತಿರುಗಿತು. ಬಿಳಿ ಟೈಲ್ಸು ರಪ್ಪನೆ ಹತ್ತಿರ ಬಂತು. ಚಿತ್ರದ ನಡುವೆ ಕೂದಲಿನಂಥ ಗೆರೆಯೊಂದು ಮೂಡಿ, ಅರ್ಧ ಭಾಗ ಮಬ್ಬಾಗಿ, ಆರಿಹೋಯಿತು.

"ಕಮಲಾಪುರಕ್ಕ ನಡಿ," ಎಂದರು ವಿಮಲಾಬಾಯಿ. ಅವರ ಕಣ್ಣುಗಳು ಮಿಂಚುತ್ತಿದ್ದವು.

ಅಷ್ಟು ದೂರ ಆಟೋ ಬೇಡವೆಂದು ಆಸ್ಪತ್ರೆಯ ವ್ಯಾನು ಕೇಳಿದರು. ಓಡಿಸಿದವನು ಹಮೀದ್. ಸಂಶಯಕ್ಕೆ ಒಳಗಾದ ಮನುಷ್ಯನ ಕೈಯಲ್ಲಿ ತಮ್ಮ ಜೀವ ಕೊಟ್ಟಂತಾಯಿತಲ್ಲ ಎಂದು ಸಾಯಬಣ್ಣ ಹಿಂದಿನ ಸೀಟಿನಿಂದ ಅವನ ಕೈಯನ್ನೇ ನೋಡುತ್ತ ಕೂತ.

"ಯಾಕ್ರಿ ಸಾಯಬಣ್ಣ, ನನ್ನ ಬೆರಳು ಎಣಿಸಲತ್ತೀರೇನು? ಎಲ್ಲಾ ಅವ, ಗಾಡಿ ಹೊಡೀಲಾಕ ಬೇಕಾಗ್ತಾವ," ಎಂದ ಹಮೀದ್ ಕನ್ನಡಿಯಲ್ಲಿ ನೋಡಿ.

ದಾರಿಯುದ್ದಕ್ಕೂ ಅವನ ಬಾಯಿ ನಿಲ್ಲಲಿಲ್ಲ. ತಾನು ಗಾಡಿ ತೊಳೆಯುವಷ್ಟು ಹೊತ್ತೂ ಸುನೀಲಕುಮಾರ ಬೇವಿನ ಗಿಡದ ಕೆಳಗೆ ನಿಂತು ಫೋನಿನಲ್ಲಿ ತನ್ನ ಸಾಹೇಬನ ಕೈಲಿ ಬೈಸಿಕೊಳ್ಳುತ್ತಿದ್ದನೆಂದ. ದುರ್ಬೀನು ಮಾರದಿದ್ದರೆ ನೌಕರಿ ಇಲ್ಲವಂತೆ. ಒಳಗೆ ಯಾರು ಹೋದರೆಂದು ಕೇಳಿದರೆ, ಥೇಟರಿನ ಬಾಗಿಲು ಹಿಂದುಗಡೆ, ತನಗೆ ಕಾಣುವುದಿಲ್ಲ ಎಂದ.

ನರ್ಸಿಂಗ್ ಹೋಮಿನ ಹಿತ್ತಲಲ್ಲಿ ಒಂದು ಆಡು ಕಸದ ಗುಂಡಿಗೆ ಬಾಯಿ ಹಾಕಿತ್ತು. ಅದು ನೆಕ್ಕುತ್ತಿದ್ದ ರಟ್ಟಿನ ಡಬ್ಬಿಯನ್ನು ವಿಮಲಾಬಾಯಿ ಕಿತ್ತುಕೊಂಡರು. ಡಬ್ಬಿಯ ಮೇಲ್ಭಾಗದಲ್ಲಿ ದುಂಡಗಿನ ಮೂರು ತೂತು. ಆಡಿನ ಬಾಯಿಂದ ಜಾರಿ ಬಿದ್ದದ್ದು ಕೆಂಪು ಬಾಳೆಹಣ್ಣಿನ ಸಿಪ್ಪೆ, ಅದಕ್ಕೆ ನೀಲಿ ದಾರದ ಹೊಲಿಗೆ. ಸಾಯಬಣ್ಣ ಸಿಪ್ಪೆಯನ್ನೂ ಆಡನ್ನೂ ನೋಡಿ, ಕೊಲೆಯ ಮಾತು ಬಾಯಿಬಿಟ್ಟು ಹೇಳದೇ ಇದ್ದದ್ದಕ್ಕೆ ತನಗೆ ತಾನೇ ಶಹಬ್ಬಾಸ್ ಅಂದುಕೊಂಡ.

ವಿಮಲಾಬಾಯಿ ಅಲ್ಲಿಗೇ ನಿಲ್ಲಲಿಲ್ಲ. ಥೇಟರು ನೋಡಿದರು, ಪಕ್ಕದ ಎಕ್ಸ್‌ರೇ ಕೋಣೆ ನೋಡಿದರು. ಅಲ್ಲಿ ಎಕ್ಸ್‌ರೇ ತೆಗೆಯುವವರು ತೊಡುವ ಸೀಸದ ಏಪ್ರನ್ನು ಗೂಟಕ್ಕಿರದೆ, ಮಡಚಿ ಕಪಾಟಿನ ಮೇಲಿತ್ತು. ಅವರು ಗೌತಮಿಗೆ ಫೋನು ಮಾಡಿದರು. ಏಪ್ರನ್ನು ಎಂದೂ ಮಡಚಬಾರದು, ಒಳಗಿನ ಸೀಸದ ಹಾಳೆ ಸೀಳುತ್ತದೆ, ನಿನ್ನೆ ಕಾಕಾನ ಹತ್ತಿರ ಹೋಗುವ ಮೊದಲು ನಾನೇ ಅದನ್ನು ಗೂಟಕ್ಕೆ ಹಾಕಿದ್ದೆ ಎಂದಳು. ವಿಮಲಾಬಾಯಿ ಆ ಭಾರವಾದ ಮಡಿಕೆಯನ್ನು ತಾವೇ ಇಳಿಸಿ ಬಿಚ್ಚಿದರು. ಸಾಯಬಣ್ಣ ಹತ್ತಿರ ಬರುವಷ್ಟರಲ್ಲಿ ತಮ್ಮ ಚೀಲದ ಬಾಯಿ ಬಿಗಿದಿದ್ದರು.

ಅವರು ಕಲಬುರಗಿಗೆ ಮರಳಿದ ಮೇಲೆ, ಮಧ್ಯಾಹ್ನಕ್ಕೆ ಮೊದಲು ಎಲ್ಲರೂ ಡಾ. ವಿವೇಕಾನಂದರ ಖೋಲಿಯಲ್ಲಿ ಸೇರಿದರು. ಮೇಜಿನ ಮೇಲೆ ಪೊಲೀಸರಿಗೆ ಬರೆದ ಅರ್ಜಿ ಸಹಿಗೆ ಸಿದ್ಧವಾಗಿತ್ತು. ಗೌತಮಿ ಗೋಡೆಗೆ ಆನಿಕೊಂಡು ನಿಂತಳು. ಮಾಪಣ್ಣ ಒಳಗೆ ಬರಲು ಒಪ್ಪದೆ ಹೊರಗೆ ಹಾಲಿನಲ್ಲೇ ಉಳಿದ.

ವಿಮಲಾಬಾಯಿ ಟೀವಿಯಲ್ಲಿ ನಾಲ್ಕನೆಯ ಹೊಟ್ಟೆ ತೋರಿಸಿದರು. ಡಾ. ವಿವೇಕಾನಂದರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದು ಹೊಟ್ಟಿ ಅಲ್ಲ."

"ಅಲ್ಲ. ಬಾಳಿಹಣ್ಣು," ಎಂದು ವಿಮಲಾಬಾಯಿ ಡಬ್ಬಿ ಮತ್ತು ಸಿಪ್ಪೆ ಮೇಜಿನ ಮೇಲಿಟ್ಟರು.

ಹಮೀದ್ ನಗು ತಡೆಯಲಾರದೆ ಕೆಮ್ಮಿದ. ವಿಮಲಾಬಾಯಿ ಒಂದೊಂದಾಗಿ ಬಿಡಿಸಿದರು. ರೆಕಾರ್ಡಿಂಗಿನಲ್ಲಿ ಈ ಹಣ್ಣು ಬಂದದ್ದು ಮೂರನೆಯ ರೋಗಿಯ ನಂತರ. ಅಂದರೆ ಗೌತಮಿ ತೊಳೆದಿಟ್ಟ ದುರ್ಬೀನನ್ನು ಆಮೇಲೆ ಯಾರೋ ತೆಗೆದು, ಡಬ್ಬಿಯ ಒಂದು ತೂತಿನಲ್ಲಿ ಸಿಕ್ಕಿಸಿ, ಉಳಿದೆರಡು ತೂತಿನಿಂದ ಹೊಲಿಗೆ ಹಾಕಿದ್ದಾರೆ. ಹೊಟ್ಟೆಯ ಬದಲು ಡಬ್ಬಿ. ಕ್ಯಾಮೆರಾ ಹಚ್ಚಿದರೆ ರೆಕಾರ್ಡಿಂಗ್ ತಾನೇ ಶುರುವಾಗುತ್ತದೆ ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಅದನ್ನು ಹೊಂದಿಸಿದ ಗೌತಮಿಗೆ ಗೊತ್ತಿತ್ತು, ತನ್ನ ತಪ್ಪಿಗೆ ತಾನೇ ಸಾಕ್ಷಿ ಉಳಿಸಿ ಹೋಗುವವಳಲ್ಲ. ಕೆಲಸದ ನಡುವೆ ದುರ್ಬೀನು ನೆಲಕ್ಕೆ ಬಿತ್ತು, ಒಳಗಿನ ಗಾಜು ಸೀಳಿತು. ತೆರೆಯ ಮೇಲಿನ ಗೆರೆ ಅದೇ. ಹಾಗಾದರೆ ಕಳುವಾದದ್ದು ಬೆಲೆಬಾಳುವ ದುರ್ಬೀನಲ್ಲ, ಒಡೆದ ದುರ್ಬೀನು. ಅದನ್ನು ಮಾರಲು ಒಯ್ಯುವ ಕಳ್ಳನಿಲ್ಲ, ಬಚ್ಚಿಡುವ ಹೆದರಿಕೆಯವನಿದ್ದಾನೆ.

"ಸುನೀಲಕುಮಾರ, ಒಡೆದಿದ್ದು ನಿನ್ನ ಕೈಗಿ ಸಿಕ್ಕಿದ್ರ ಏನು ಮಾಡ್ತಿದ್ದಿ?"

"ಅಲ್ಲೇ ಎಲ್ಲಾರಿಗೂ ತೋರಿಸ್ತಿದ್ದೆ ಮೇಡಂ," ಎಂದ ಸುನೀಲಕುಮಾರ ಪ್ರಾಮಾಣಿಕವಾಗಿ. "ಹೊಸದರ ಆರ್ಡರ್ ಅಲ್ಲೇ ಬರಸ್ಕೋತಿದ್ದೆ."

ಅವನನ್ನು ಬಿಟ್ಟದ್ದು ಅದಕ್ಕೇ ಎಂದರು ವಿಮಲಾಬಾಯಿ. ಹಮೀದನಿಗೆ ಡಬ್ಬಿಯೊಳಗೆ ಗಂಟು ಹಾಕುವ ವಿದ್ಯೆ ಇಲ್ಲ. ಬಚ್ಚಿಟ್ಟವನು ಎಕ್ಸ್‌ರೇ ಕೋಣೆಯ ಸೀಸದ ಏಪ್ರನ್ನು ಮಡಚಿ ಅದರೊಳಗೆ ಇಟ್ಟಿದ್ದಾನೆ. ಪ್ರತಿ ಸಲ ಅದನ್ನು ಗೂಟಕ್ಕೆ ಹಾಕುವ ಗೌತಮಿಯ ಕೈ ಅದನ್ನು ಮಡಚದು. ಹಣ್ಣು ಇದ್ದದ್ದು ಉಪವಾಸದವರ ಹತ್ತಿರ. ಒಳಹೊಲಿಗೆ ಕಲಿಯುವ ಆತುರ ಇದ್ದದ್ದೂ ಅವರಿಗೇ. ಎಲ್ಲರೂ ಊಟದಿಂದ ಬಂದುಬಿಟ್ಟದ್ದರಿಂದ ನಿನ್ನೆ ಅದನ್ನು ಒಯ್ಯಲು ಆಗಲಿಲ್ಲ, ಇವತ್ತು ಗಾಯ ನೋಡುವ ನೆವದಲ್ಲಿ ತರುವವರಿದ್ದರು. ಹೀಗೆನ್ನುತ್ತ ಚೀಲದಿಂದ ದುರ್ಬೀನು ತೆಗೆದು ಡಾ. ಶಿವಶರಣನ ಮುಂದಿಟ್ಟರು.

ಶಿವಶರಣ ತಪ್ಪು ಒಪ್ಪಿಕೊಂಡ. ಹೈದರಾಬಾದಿಗೆ ಕಳಿಸಿ ರಿಪೇರಿ ಮಾಡಿಸಿ, ಸದ್ದಿಲ್ಲದೆ ತಂದಿಡುವ ವಿಚಾರವಿತ್ತು ಎಂದ. ಮಾವ ಮೊದಲ ಆಪರೇಷನ್ನೇ ರದ್ದು ಮಾಡುತ್ತಾರೆಂಬ ಅಂಜಿಕೆಯಿತ್ತಂತೆ.

"ಆಕಿ ಬ್ಯಾಗ್ ತೆಗಿಸೋವಾಗ ನೀ ಅಲ್ಲೇ ಇದ್ದೆಲ್ಲೋ," ಎಂದರು ಡಾ. ವಿವೇಕಾನಂದರು. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕೆಟ್ಟದಾಗಿತ್ತು.

"ಇದ್ದೆ," ಎಂದ ಶಿವಶರಣ.

ಡಾಕ್ಟರು ಅರ್ಜಿ ಹರಿದರು. ಗೌತಮಿಯ ಕಡೆ ತಿರುಗಿ, ನನ್ನದು ತಪ್ಪಾಯಿತು ಎಂದರು.

"ಡಾಕ್ಟರ್," ಎಂದರು ವಿಮಲಾಬಾಯಿ ಮೆತ್ತಗೆ, "ನಿನ್ನೆ ಬ್ಯಾಗ್ ತೆಗಿಸಿದ್ದು ಈ ಖೋಲಿಯೊಳಗಲ್ಲ."

ಡಾ. ವಿವೇಕಾನಂದರು ಬಾಗಿಲು ತೆರೆದು ಹಾಲಿಗೆ ನಡೆದರು. ರೋಗಿಗಳು ಚೀಟಿ ಹಿಡಿದು ಕೂತಿದ್ದರು. ಡಾಕ್ಟರು ನೇರ ಮಾಪಣ್ಣನ ಮುಂದೆ ಹೋಗಿ ಕೈ ಜೋಡಿಸಿದರು. ಮಾಪಣ್ಣ ಗಾಬರಿಯಿಂದ ಎದ್ದ, ಆದರೆ ಹಿಂದೆ ಸರಿಯಲಿಲ್ಲ.

"ನನಗ್ಯಾಕ್ರಿ ಸಾಹೇಬ್ರ? ಆಕಿಗಿ ಹೇಳ್ರಿ. ಅಲ್ಲೇ ನಿಂತಾಳ."

ಡಾಕ್ಟರು ತಿರುಗಿ, ಹಾಲಿನ ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದರು. ಗೌತಮಿ ದುರ್ಬೀನು ಕದ್ದಿಲ್ಲ, ಕದ್ದಳೆಂದು ನಾನು ಅಂದದ್ದು ಸುಳ್ಳು, ತಪ್ಪು ನಮ್ಮ ಮನೆಯವನದು. ಸಾಯಬಣ್ಣ ಸುಮ್ಮನೆ ಕಿಸೆಯಲ್ಲಿ ಆಟೋದ ಕೀಲಿ ಹುಡುಕುವವನಂತೆ ನಟಿಸಿದ.

ಗೌತಮಿ ಅಳಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ.

"ಫಕ್ರುದ್ದೀನ್ ಕಾಕಾಂದು ಇವತ್ತು ಡ್ರೆಸ್ಸಿಂಗ್ ಅದರಿ ಸರ್. ನಾ ಹೋಗ್ತೀನಿ," ಎಂದಳು. "ಶಿವಶರಣ ಸರೂ ಬರ್ಲಿ. ಕಮಲಾಪುರದಾಗೂ ನನ್ನ ಹೆಸರು ಕೆಟ್ಟದ. ಅಲ್ಲಿ ಹೇಳೋದು ಅವರ ಕೆಲಸ."

ಹಮೀದ್ ಆಗಲೇ ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿದ್ದ. ಗೌತಮಿ ಡ್ರೆಸ್ಸಿಂಗ್ ಡಬ್ಬಿ ಹಿಡಿದು ಮುಂದಿನ ಸೀಟಿಗೆ ಹತ್ತಿದಳು. ಡಾ. ಶಿವಶರಣ ಯಾರ ಮುಖವನ್ನೂ ನೋಡದೆ ಹಿಂದೆ ಹತ್ತಿ, ಬಾಗಿಲು ತಾನೇ ಎಳೆದುಕೊಂಡ.